ಉಡುಪಿಯಲ್ಲಿ ಬಿ.ಎಡ್. ಮುಗಿಸಿದೆ. ದುಬೈನ ಇಂಟರ್‌ನ್ಯಾಷನಲ್ ಶಾಲೆಗೆ ಸೇರಲು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಪಠ್ಯಕ್ರಮ) ಸರ್ಟಿಫಿಕೇಟ್ ಬೇಕಾ?

ಮೊದಲೇ ದುಡ್ಡು ಕಟ್ಟಿ ಐಬಿ ಕೋರ್ಸ್ ಮಾಡಲೇಬೇಕು ಅಂತೇನಿಲ್ಲ. ಕೆಲಸಕ್ಕೆ ತೆಗೆದುಕೊಂಡ ಮೇಲೆ ಎಷ್ಟೋ ಶಾಲೆಗಳು ತಾವೇ ತರಬೇತಿ ಕೊಡಿಸುತ್ತವೆ. ಅನುಭವಕ್ಕೆ ಬೆಲೆ ಜಾಸ್ತಿ. ಮಂಗಳೂರು, ಮಣಿಪಾಲದ ಸಿಬಿಎಸ್‌ಇ ಅಥವಾ ಐಸಿಎಸ್‌ಇ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿ. ಬಿಡುವಾಗ ಅನುಭವ ಪತ್ರದಲ್ಲಿ ವಿಷಯ, ತರಗತಿ, ಸೇರಿದ ಮತ್ತು ಬಿಟ್ಟ ತಾರೀಕು ಎಲ್ಲ ಬರೆಸಿಕೊಳ್ಳಿ. ಸುಮ್ನೆ ‘ಚೆನ್ನಾಗಿ ಪಾಠ ಮಾಡಿದ್ದಾರೆ’ ಅಂತ ಒಂದು ಸಾಲಿದ್ದರೆ ಸಾಲದು.

ತಡವಾಗುವುದು ಕಾಗದಪತ್ರದಲ್ಲಿ. ಒಂದೇ ಮುದ್ರೆಯಿಂದ ದಾಖಲೆ ಬೇರೆ ದೇಶದಲ್ಲೂ ಮಾನ್ಯವಾಗುವ ಅಪೊಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ. ಹಾಗಾಗಿ ಡಿಗ್ರಿಗೆ ಮೊದಲು ರಾಜ್ಯದ ದೃಢೀಕರಣ, ನಂತರ ಭಾರತದ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇ ವಿದೇಶಾಂಗ ಸಚಿವಾಲಯದ ಮುದ್ರೆ ಬೇಕು. ಒಮಾನ್, ಬಹ್ರೈನ್‌ಗೆ ಅಪೊಸ್ಟಿಲ್ ನಡೆಯುತ್ತದೆ. ನೇಮಕಾತಿ ಶುಲ್ಕ ಅಂತ ಏಜೆಂಟ್ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ಯುಎಇ ಕಾನೂನಿನಂತೆ ಆ ಖರ್ಚು ಶಾಲೆಯದ್ದೇ.