ಮೊದಲ ಪಾಠಕ್ಕೆ ಮರಳಿದ ಸಹೋದರಿ: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಈ ಸಹೋದರಿಗೆ ನಲವತ್ತು ದಾಟಿದೆ. ಹುಟ್ಟಿ ಬೆಳೆದದ್ದು ಕ್ರೈಸ್ತ ಸಭೆಯ ಮಡಿಲಲ್ಲೇ. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಾರೆ, ಮಹಿಳೆಯರ ಪ್ರಾರ್ಥನಾ ಕೂಟ ನಡೆಸುತ್ತಾರೆ. ಬಂದು ಕೂತವರು ಹೇಳಿದ್ದು ಎರಡೇ ಮಾತು: "ಪ್ರಾರ್ಥನೆ ಮಾಡಲು ಆಗುತ್ತಿಲ್ಲ. ನನಗೆ ಪಾಪದಿಂದ ರಕ್ಷಣೆ ಆಗಿದೆಯೋ ಇಲ್ಲವೋ ಅನ್ನುವುದೇ ಗೊತ್ತಾಗುತ್ತಿಲ್ಲ."

ಅವರ ತಾಯಿ ಬಹುಕಾಲ ಕಾಯಿಲೆಯಿಂದ ನರಳಿ ತೀರಿಕೊಂಡಿದ್ದರು. ಮನೆಯಲ್ಲಿ ಯಾರೋ ದೇವರ ಮುಂದೆ ಒಪ್ಪಿಕೊಂಡು ಅರಿಕೆ ಮಾಡದ ಪಾಪವಿದೆ, ಅದಕ್ಕೇ ಪ್ರಾರ್ಥನೆಗೆ ಉತ್ತರ ಸಿಗಲಿಲ್ಲ ಎಂದು ಒಬ್ಬ ಹಿರಿಯ ವಿಶ್ವಾಸಿ ಆ ದುಃಖದ ದಿನಗಳಲ್ಲೇ ಅವರ ಮುಖಕ್ಕೆ ಹೇಳಿದ್ದರು. ಆ ಮಾತು ಒಳಗೆ ಮುಳ್ಳಿನಂತೆ ಮುರಿದು ಕೂತಿತು. ಅಲ್ಲಿಂದ ಶುರುವಾದದ್ದು ಒಂದರ ಮೇಲೊಂದು ಸೇರಿಸುವ ಕೆಲಸ. ವಾರಕ್ಕೊಂದು ಉಪವಾಸವಿದ್ದದ್ದು ಎರಡಾಯಿತು, ಆಮೇಲೆ ದೀರ್ಘ ಉಪವಾಸ, ನಡುರಾತ್ರಿಯ ಪ್ರಾರ್ಥನೆ, ಶಾಪ, ದುಷ್ಟಶಕ್ತಿಗಳಿಂದ ಬಿಡಿಸುತ್ತೇವೆ ಎನ್ನುವ ಬಿಡುಗಡೆಯ ಕೂಟಗಳು, ವಿಶೇಷ ಕಾಣಿಕೆ. ಮೊಬೈಲಿನಲ್ಲಿ ಪ್ರವಾದನೆ, ವಾಗ್ದಾನ ಕಳಿಸುವ ಗ್ರೂಪುಗಳು ಒಂದಲ್ಲ ಹತ್ತು. ಬೆಳಿಗ್ಗೆ ಒಂದು ಗ್ರೂಪು ಇದು ನಿನ್ನ ಆಶೀರ್ವಾದದ ವರ್ಷ ಅನ್ನುತ್ತಿತ್ತು. ಮಧ್ಯಾಹ್ನ ಇನ್ನೊಂದು, ನಿನ್ನ ಮನೆಯ ಮೇಲೆ ಶಾಪವಿದೆ ಎಂದು ಎಚ್ಚರಿಸುತ್ತಿತ್ತು.

ಎರಡನೆಯ ಭೇಟಿಗೆ ಒಂದು ನೋಟ್‌ಬುಕ್ ತಂದರು. ಪ್ರತಿ ಪುಟದಲ್ಲೂ ದಿನಾಂಕ, ಅದರ ಕೆಳಗೆ ಆ ದಿನದ ಪಾಪಗಳು. ಅರಿಕೆ ಮಾಡಿದ್ದಕ್ಕೆ ಕೆಂಪು ಶಾಯಿಯ ಗೆರೆ. ಮನಸ್ಸಿಟ್ಟು ಅರಿಕೆ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದರೆ ಅದೇ ಪಾಪ ಮರುದಿನದ ಪುಟದಲ್ಲಿ ಮತ್ತೆ. "ಮಗಳ ಮೇಲೆ ರೇಗಿದೆ" ಎನ್ನುವ ಒಂದೇ ಸಾಲು ಪುಟದಿಂದ ಪುಟಕ್ಕೆ ಸಾಗುತ್ತಲೇ ಇತ್ತು. ಅದನ್ನು ಓದುವಾಗ ನನಗೆ ಗಂಟಲು ಕಟ್ಟಿತು.

ದೇವತಾಶಾಸ್ತ್ರ ಮಾತಾಡುವ ಮೊದಲು ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯಬೇಕು ಎನ್ನುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಅಂಥ ಯೋಚನೆ ಇರಲಿಲ್ಲ. ಆದರೆ ನಿದ್ದೆ ಪೂರಾ ಕೆಟ್ಟಿತ್ತು, ತೂಕ ಇಳಿದಿತ್ತು. ಒಂದೇ ಪಾಪವನ್ನು ಮತ್ತೆ ಮತ್ತೆ ಅರಿಕೆ ಮಾಡದೆ ಇರಲಾಗದ ಈ ಸ್ಥಿತಿ ಗೀಳು ಕಾಯಿಲೆಯ ಲಕ್ಷಣವೂ ಆಗಿರಬಹುದು. ಹಾಗಾಗಿ ಮನೋವೈದ್ಯರನ್ನು ಕಾಣಲೇಬೇಕು ಎಂದೆ. "ಹಾಗಾದರೆ ನನಗೆ ನಂಬಿಕೆ ಇಲ್ಲ ಅಂತ ಆಗುವುದಿಲ್ಲವೇ?" ಎಂದು ಕೇಳಿದರು. ಸತ್ಯವೇದದಲ್ಲಿ ಪ್ರವಾದಿ ಎಲೀಯನ ಪ್ರಸಂಗ ತೆರೆದೆ, 1 ಅರಸುಗಳು 19. ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಂಡ ಪ್ರವಾದಿಗೆ ದೇವರು ಆ ಹೊತ್ತಿನಲ್ಲಿ ಉಪದೇಶ ಮಾಡಲಿಲ್ಲ. ಮಲಗಿದವನನ್ನು ದೇವದೂತನು ತಟ್ಟಿ ಎಬ್ಬಿಸಿ ಊಟ ಕೊಟ್ಟ. ಎಲೀಯ ಮತ್ತೆ ಮಲಗಿದ, ಮತ್ತೆ ಊಟ ಬಂತು. ಹೋರೇಬ್ ಬೆಟ್ಟದಲ್ಲಿ ಕೇಳಿದ ದೇವರ ಆ ಮೆಲ್ಲನೆಯ ಸ್ವರ ಇದೆಲ್ಲ ಆದ ಮೇಲಿನದು. ಅವರು ವೈದ್ಯರ ಬಳಿ ಹೋದರು. ಚಿಕಿತ್ಸೆ ನಡೆಯುತ್ತಿದೆ.

ಇನ್ನು ನಂಬಿಕೆಯ ವಿಷಯ. ಅವರಿಗೆ ಬೇಕಾದದ್ದು ಇನ್ನೂ ಆಳವಾದ ಬೋಧನೆಯಲ್ಲ, ಮೊದಲನೆಯ ಪಾಠ ಎಂದು ನನಗೆ ಅನಿಸಿತು. ಹಾಗೆ ಹೇಳಿದಾಗ ಅವರಿಗೆ ಬೇಸರವಾಯಿತು. ಮೂವತ್ತು ವರ್ಷದ ವಿಶ್ವಾಸಿಗೆ ಅಂಗನವಾಡಿಯ ಪಾಠವೇ! ಸತ್ಯವೇದ ಚೆನ್ನಾಗಿ ಬಲ್ಲವರು, ತಕ್ಷಣ ಇಬ್ರಿಯರಿಗೆ 6:1 ಎತ್ತಿದರು. ಕ್ರಿಸ್ತನ ವಿಷಯವಾದ ಮೊದಲ ಉಪದೇಶವನ್ನು ಬಿಟ್ಟು ಪರಿಪೂರ್ಣತೆಯ ಕಡೆಗೆ ಸಾಗೋಣ ಎಂದು ಬರೆದಿದೆಯಲ್ಲ?

ಒಳ್ಳೆಯ ಪ್ರಶ್ನೆ. ಇಬ್ಬರೂ ಕೂತು ಅದರ ಹಿಂದಿನ ಅಧ್ಯಾಯದಿಂದಲೇ ಓದಿದೆವು. 5:12ರಲ್ಲಿ ಲೇಖಕನು, ಇಷ್ಟು ಹೊತ್ತಿಗೆ ಬೋಧಕರಾಗಬೇಕಿದ್ದ ನಿಮಗೆ ದೇವರ ವಾಕ್ಯದ ಮೂಲಪಾಠಗಳನ್ನು ತಿರುಗಿ ಕಲಿಸಬೇಕಾಗಿದೆ, ನಿಮಗೆ ಹಾಲು ಬೇಕಾಗಿದೆ ಎನ್ನುತ್ತಾನೆ. ಮುಂದೆ ಹೋಗಿ ಎಂದು ಹೇಳುವ ಅದೇ ಬಾಯಿ, ಕೆಲವರಿಗೆ ಮರಳಿ ಕಲಿಸಬೇಕು ಎಂದೂ ಒಪ್ಪುತ್ತದೆ. ಅಸ್ತಿವಾರ ಎಂದು ಅವನು ಪಟ್ಟಿ ಮಾಡುವ ಸಂಗತಿಗಳಲ್ಲಿ ಮೊದಲನೆಯದು ಯಾವುದು? ನಿರ್ಜೀವ ಕರ್ಮಗಳಿಂದ ತಿರುಗಿಕೊಳ್ಳುವುದು. ಅದರ ಬೆನ್ನಿಗೇ ದೇವರಲ್ಲಿ ನಂಬಿಕೆ. ಈ ಸಹೋದರಿಯ ನೋಟ್‌ಬುಕ್ಕಿನಲ್ಲಿ ಕರ್ಮ ತುಂಬಿ ತುಳುಕುತ್ತಿತ್ತು, ಕ್ರಿಸ್ತನ ಹೆಸರು ಒಂದು ಪುಟದಲ್ಲೂ ಇರಲಿಲ್ಲ. ಇದನ್ನು ನಾನು ಹೇಳಲಿಲ್ಲ, ಪುಟ ತಿರುವಿ ನೋಡಿ ಅವರೇ ಹೇಳಿದರು.

ಅಪೊಸ್ತಲ ಪೌಲನು ಎಲ್ಲಕ್ಕಿಂತ ಮುಖ್ಯವೆಂದು ಸಭೆಗೆ ಒಪ್ಪಿಸಿಕೊಟ್ಟದ್ದು 1 ಕೊರಿಂಥ 15:3-4ರಲ್ಲಿದೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು. ಅವನು ಇದನ್ನು ಬರೆದದ್ದು ಹೊಸಬರಿಗಲ್ಲ; ವರಗಳಲ್ಲಿ, ಜ್ಞಾನದಲ್ಲಿ ಮೆರೆಯುತ್ತಿದ್ದ ಸಭೆಗೆ. ಪವಿತ್ರಾತ್ಮನಿಂದ ಆರಂಭಿಸಿ ಈಗ ಸ್ವಂತ ಪ್ರಯತ್ನದಿಂದ ಪೂರ್ಣಗೊಳಿಸುತ್ತೀರೋ ಎಂದು ಗಲಾತ್ಯದವರನ್ನು ಗದರಿದ್ದೂ ಇದೇ ಪೌಲ. ಹದಿನಾರನೆಯ ಶತಮಾನದ ಸಭಾ ಸುಧಾರಕ ಮಾರ್ಟಿನ್ ಲೂಥರ್‌ಗೂ ಈ ಬೇಗುದಿ ಗೊತ್ತಿತ್ತು. ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪ ನಿವೇದನೆ ಮಾಡಿಯೂ ಸಮಾಧಾನ ಕಾಣದವರು. ಅವರೇ ಮುಂದೆ 1529ರಲ್ಲಿ ಜನಸಾಮಾನ್ಯರಿಗಾಗಿ ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆಗಳ ಚಿಕ್ಕ ಪ್ರಶ್ನೋತ್ತರ ಪಾಠವನ್ನೂ ಅದನ್ನು ವಿಸ್ತರಿಸುವ ದೊಡ್ಡ ಪಾಠವನ್ನೂ ಬರೆದರು. ದೇವತಾಶಾಸ್ತ್ರದ ಡಾಕ್ಟರೂ ಬೋಧಕನೂ ಆಗಿದ್ದರೂ ನಾನು ದಿನವೂ ಅದನ್ನು ಮಗುವಿನಂತೆ ಹೇಳಿಕೊಳ್ಳುತ್ತೇನೆ ಎಂದು ದೊಡ್ಡ ಪಾಠದ ಮುನ್ನುಡಿಯಲ್ಲಿ ಒಪ್ಪಿಕೊಂಡರು.

ಕರ್ತನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿ ಎಂದೆ. ಒಂದೇ ಉಸಿರಿಗೆ ಮುಗಿಸಿದರು. ಇನ್ನೊಮ್ಮೆ, ಸಾಲಿಗೊಂದು ಬಿಡುವು ಕೊಟ್ಟು ಎಂದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದವರು ಮುಂದಕ್ಕೆ ಹೋಗಲಿಲ್ಲ. ತುಂಬ ಹೊತ್ತಿನ ಮೇಲೆ, "ಇಷ್ಟು ದಿನ ನಾನು ನ್ಯಾಯಾಧೀಶನ ಹತ್ತಿರ ಮಾತಾಡುತ್ತಿದ್ದೆ" ಎಂದರು. ಆ ದಿನ ನಾವು ಬೇರೇನೂ ಮಾಡಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ನೋಟ್‌ಬುಕ್ ಬರೆಯುವುದು ನಿಲ್ಲಲಿ. ಪಾಪ ಅನಿಸಿದ್ದನ್ನು ಒಮ್ಮೆ ದೇವರಿಗೆ ಹೇಳಿ, ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ 1 ಯೋಹಾನ 1:9 ಓದಿ, ಅಲ್ಲಿಗೆ ಬಿಡಬೇಕು. ಅದೇ ಅನುಮಾನ ಮರಳಿ ಬಂದರೆ ಮರಳಿ ಅರಿಕೆ ಬೇಡ. ಅದು ಈಗಾಗಲೇ ಕ್ಷಮಿಸಲ್ಪಟ್ಟದ್ದು ಎಂದಷ್ಟೇ ಹೇಳಿಕೊಳ್ಳಬೇಕು. ಮಗಳ ಮೇಲೆ ರೇಗಿದ್ದರೆ ಮಗಳ ಹತ್ತಿರವೇ ಹೋಗಿ ಕ್ಷಮೆ ಕೇಳಿ. ಪ್ರವಾದನೆಯ ಗ್ರೂಪುಗಳಿಂದ ಹೊರಬನ್ನಿ. ವೈದ್ಯರು ಸರಿ ಅನ್ನುವವರೆಗೆ ಉಪವಾಸ ಬೇಡ. ಬೆಳಿಗ್ಗೆ, ರಾತ್ರಿ ಕರ್ತನ ಪ್ರಾರ್ಥನೆ ನಿಧಾನವಾಗಿ, ಜೊತೆಗೆ ಮಾರ್ಕನ ಸುವಾರ್ತೆಯಿಂದ ಒಂದು ಸಣ್ಣ ಭಾಗ. ಟಿಪ್ಪಣಿ ಬೇಡ, ಯೇಸು ಏನು ಮಾಡಿದರು, ಯಾರನ್ನು ಮುಟ್ಟಿದರು ಎಂದು ನೋಡಿದರೆ ಸಾಕು. "ಇಷ್ಟೇನಾ?" ಎಂದರು. ಇಷ್ಟೇ.

ಕರ್ತನ ಭೋಜನದ, ಅಂದರೆ ಯೇಸುವಿನ ಮರಣದ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ, ವಿಷಯದಲ್ಲಿ ಮಾತ್ರ ಹೆಚ್ಚು ಹೊತ್ತು ಬೇಕಾಯಿತು. ಅಯೋಗ್ಯವಾಗಿ ತಿಂದರೆ ನ್ಯಾಯತೀರ್ಪು ಬರುತ್ತದೆ ಎಂಬ 1 ಕೊರಿಂಥ 11ರ ಮಾತಿಗೆ ಹೆದರಿ ಅವರು ಮೇಜಿನ ಹತ್ತಿರ ಹೋಗುವುದನ್ನೇ ಬಿಟ್ಟಿದ್ದರು. ಆ ಅಧ್ಯಾಯದ 21, 22ನೇ ವಚನ ಓದಿಸಿದೆ. ಕೊರಿಂಥದ ಸಭೆಯಲ್ಲಿ ಕೆಲವರು ತಮ್ಮ ಊಟವನ್ನು ಮುಂಚೆಯೇ ತಿಂದು ಮುಗಿಸುತ್ತಿದ್ದರು. ಒಬ್ಬನು ಹಸಿದಿದ್ದರೆ ಇನ್ನೊಬ್ಬನು ಕುಡಿದು ಅಮಲಿನಲ್ಲಿದ್ದ, ಏನೂ ಇಲ್ಲದವರಿಗೆ ಅವಮಾನವಾಗುತ್ತಿತ್ತು. ಪೌಲನ ಸಿಟ್ಟು ಹೀಗೆ ನಡೆದುಕೊಂಡವರ ಮೇಲೆ. ತನ್ನ ಪಾಪಕ್ಕೆ ಅಳುತ್ತಿರುವವರನ್ನು ಮೇಜಿನಿಂದ ಓಡಿಸಲು ಆ ಮಾತು ಬರೆದದ್ದಲ್ಲ. ಈ ಒಂದು ವಚನದಿಂದ ಎಷ್ಟು ಜನ ವಿನಾಕಾರಣ ದೂರ ಕೂತಿದ್ದಾರೋ! ಸಭಾಪಾಲಕರು ಭೋಜನಕ್ಕೆ ಮುಂಚೆ ಇದನ್ನು ವಿವರಿಸಿ ಹೇಳಬೇಕು ಎಂಬುದು ನನ್ನ ಮನವಿ.

ತಾಯಿಯ ಸಾವಿನ ಬಗ್ಗೆ ನಾನು ಹೆಚ್ಚು ವಿವರಣೆ ಕೊಡಲಿಲ್ಲ. ಹುಟ್ಟುಕುರುಡನ ವಿಷಯದಲ್ಲಿ, ಇವನಾಗಲಿ ಇವನ ತಂದೆತಾಯಿಯಾಗಲಿ ಮಾಡಿದ ಪಾಪದಿಂದ ಹೀಗಾದದ್ದಲ್ಲ ಎಂದು ಯೇಸು ಹೇಳಿದ್ದು ಯೋಹಾನ 9:3ರಲ್ಲಿದೆ. ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಕಷ್ಟಕ್ಕೆಲ್ಲ ಪಾಪವೇ ಕಾರಣ ಎಂದು ವಾದಿಸಿ ಕೊನೆಗೆ ದೇವರ ಕೋಪಕ್ಕೆ ಗುರಿಯಾದರು. ಇಷ್ಟು ತೋರಿಸಿ, ಉಳಿದ ಹೊತ್ತು ಅಮ್ಮನ ಬಗ್ಗೆ ಹೇಳಿ ಎಂದೆ. ಪಾಪದ ಲೆಕ್ಕದ ನಡುವೆ ಅವರು ಅಮ್ಮನಿಗಾಗಿ ಅತ್ತೇ ಇರಲಿಲ್ಲ.

ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳಲಾರೆ. ಕೆಲವು ರಾತ್ರಿ ಹಳೆಯ ಭಯ ಮರಳುತ್ತದೆ, ಫೋನ್ ಮಾಡುತ್ತಾರೆ. ಆದರೆ ನೋಟ್‌ಬುಕ್ ನಿಂತಿದೆ, ಕರ್ತನ ಮೇಜಿಗೆ ಹೋಗುತ್ತಿದ್ದಾರೆ. ಮಾರ್ಕನನ್ನು ಮುಗಿಸಿ ಲೂಕನಿಗೆ ಬಂದಿದ್ದಾರೆ. ಪುನಃ ಉಪವಾಸ ಮಾಡಬಹುದೇ ಎಂದು ಮೊನ್ನೆ ಕೇಳಿದರು. ವೈದ್ಯರು ಒಪ್ಪಿದ ಮೇಲೆ, ಒಂದು ಹೊತ್ತು ಮಾತ್ರ, ಅದೂ ಗಂಡನಿಗೋ ಸಭಾಪಾಲಕರಿಗೋ ತಿಳಿಸಿ ಎಂದೆ. ಒಂದು ಷರತ್ತನ್ನೂ ಹಾಕಿದೆ: ಆ ದಿನದ ಪ್ರಾರ್ಥನೆಯಲ್ಲಿ ದೇವರಿಗೆ ಕೃತಜ್ಞತೆ ಹೇಳುವುದಷ್ಟೇ ಇರಲಿ, ಏನನ್ನೂ ತೀರಿಸುವ ಪ್ರಯತ್ನ ಬೇಡ.