ಪ್ರಶ್ನೋತ್ತರ: ರಕ್ತನಾಳದ ಹೊರಮೈ ಬರೀ ಹೊದಿಕೆಯೆ?

ಪ್ರಶ್ನೆ: ಇಲಿಯ ಮಹಾಪಧಮನಿಯ ಉಂಗುರಗಳನ್ನು ಆರ್ಗನ್ ಬಾತ್‌ನಲ್ಲಿ (ಅಂಗಾಂಶವನ್ನು ದ್ರಾವಣದಲ್ಲಿ ಜೀವಂತವಾಗಿಟ್ಟು ಅದರ ಬಿಗಿತ ಅಳೆಯುವ ಪಾತ್ರೆ) ಕಟ್ಟಿ ಪರೀಕ್ಷಿಸುತ್ತಿದ್ದೇನೆ. ಸುತ್ತಲ ಕೊಬ್ಬು ಬಿಡಿಸಿದ ಉಂಗುರಕ್ಕೂ ಬಿಡಿಸದ್ದಕ್ಕೂ ಫಲಿತಾಂಶ ಹೊಂದುತ್ತಿಲ್ಲ. ನಾಳವನ್ನು ಸಡಿಲಿಸುವುದು ಒಳಪದರ ತಾನೇ?
– ಔಷಧಶಾಸ್ತ್ರ ವಿದ್ಯಾರ್ಥಿನಿ

ಉತ್ತರ: ಹೌದು, ಆದರೆ ಅದೊಂದೇ ಅಲ್ಲ. 1980ರಲ್ಲಿ ಫರ್ಚ್‌ಗಾಟ್ ಮತ್ತು ಜವಾಡ್‌ಸ್ಕಿ ವರದಿ ಮಾಡಿದಂತೆ, ಒಳಪದರ ಉಜ್ಜಿಹೋದ ಮೊಲದ ಮಹಾಪಧಮನಿ, ಒಳಪದರವಿದ್ದಾಗ ನಾಳವನ್ನು ಸಡಿಲಿಸುವ ಅಸಿಟೈಲ್‌ಕೋಲಿನ್‌ಗೆ ಸಡಿಲವಾಗಲಿಲ್ಲ. ಎಲ್ಲರ ಕಣ್ಣೂ ಒಳಗೇ ನೆಟ್ಟಿತು. ಹೊರಗಿನ ಕೊಬ್ಬನ್ನು ಕಸವೆಂದು ಎಸೆಯುವ ರೂಢಿ ಮುಂದುವರಿಯಿತು. 1991ರಲ್ಲಿ ಸೋಲ್ಟಿಸ್ ಮತ್ತು ಕ್ಯಾಸಿಸ್ ಅದನ್ನು ಉಳಿಸಿ ನೋಡಿದರು: ನಾಳವನ್ನು ಬಿಗಿಸುವ ನಾರ್‌ಅಡ್ರಿನಲಿನ್‌ಗೆ ಇಲಿಯ ನಾಳ ಕಡಿಮೆ ಬಿಗಿಯಿತು. ಆ ಕೊಬ್ಬು ಸ್ರವಿಸುವ ಅಂಶವೊಂದು ನಾಳದ ಗೋಡೆಯ ನಯಸ್ನಾಯುವಿನ ಪೊಟ್ಯಾಸಿಯಂ ಕಾಲುವೆಗಳನ್ನು (ಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ದಾರಿಗಳು) ತೆರೆದು ಅದನ್ನು ಸಡಿಲಿಸುತ್ತದೆಂದು 2002ರಲ್ಲಿ ಬರ್ಲಿನ್ನಿನ ತಂಡ ತೋರಿಸಿತು.

ಇದಕ್ಕೆ ಎದುರಾದ ಕೆಲಸವೂ ಹೊರಪದರದಲ್ಲೇ ನಡೆಯುತ್ತದೆ. ನಾಳ ಬಿಗಿಸುವ ಹಾರ್ಮೋನು ಆಂಜಿಯೊಟೆನ್ಸಿನ್ 2 ಹೆಚ್ಚಿದಾಗ ಅಲ್ಲಿನ ಫೈಬ್ರೊಬ್ಲಾಸ್ಟ್ ಎಂಬ ನಾರು ಹೆಣೆಯುವ ಕೋಶಗಳು ಸೂಪರ್‌ಆಕ್ಸೈಡ್ ಎಂಬ ಚುರುಕು ಆಮ್ಲಜನಕದ ರೂಪವನ್ನು ಹುಟ್ಟಿಸುತ್ತವೆ. ಅದು, ನಾಳವನ್ನು ಸಡಿಲಿಸಲು ಒಳಪದರ ಬಿಡುವ ನೈಟ್ರಿಕ್ ಆಕ್ಸೈಡನ್ನು ನುಂಗಿಹಾಕುತ್ತದೆ, ಸಡಿಲಿಕೆ ಕುಂದುತ್ತದೆ.

ನಿಮ್ಮ ತೊಡಕು ಬಹುಶಃ ಲೆಕ್ಕದಲ್ಲಿದೆ. ಕೊಬ್ಬಿರುವ ಉಂಗುರ ಮೊದಲೇ ಕಡಿಮೆ ಬಿಗಿದಿದ್ದರೆ ಸಡಿಲಿಕೆಯ ಶೇಕಡಾವಾರು ಸುಮ್ಮನೆ ದೊಡ್ಡದಾಗಿ ಕಾಣುತ್ತದೆ. ಎರಡಕ್ಕೂ ಬಿಗಿಸುವ ಔಷಧವಾದ ಫಿನೈಲೆಫ್ರಿನ್ ಪ್ರಮಾಣ ಹೊಂದಿಸಿ, ಬಿಗಿತವನ್ನು ಒಂದೇ ಮಟ್ಟಕ್ಕೆ ತಂದಮೇಲೆ ಅಸಿಟೈಲ್‌ಕೋಲಿನ್ ಹಾಕಿ. ಒಂದೇ ಭಾಗದ ಅಕ್ಕಪಕ್ಕದ 2–3 ಮಿ.ಮೀ. ಉಂಗುರಗಳನ್ನೇ ಹೋಲಿಸಿ, ಏಕೆಂದರೆ ಎದೆಯ ಭಾಗದ ಕೊಬ್ಬು ಕಂದು ಬಗೆಯದು, ಹೊಟ್ಟೆಯ ಭಾಗದ್ದು ಹೆಚ್ಚಾಗಿ ಬಿಳಿ. ಕೊಬ್ಬನ್ನು ಚಿಮಟದಿಂದ ಎಳೆಯಬೇಡಿ, ನಾಳ ಹಿಗ್ಗಿ ಒಳಪದರ ಹರಿಯುತ್ತದೆ. ತಣ್ಣನೆಯ ಕ್ರೆಬ್ಸ್ ದ್ರಾವಣದಲ್ಲಿ (ಅಂಗಾಂಶವನ್ನು ಜೀವಂತವಾಗಿಡುವ ಲವಣದ್ರಾವಣ), ಸೂಕ್ಷ್ಮದರ್ಶಕದಡಿ, ಸಣ್ಣ ಕತ್ತರಿಯಿಂದ ಬಿಡಿಸಿ. ಕಾರಣ ಕೊಬ್ಬಿನದ್ದೇ ಎಂಬ ಅನುಮಾನವಿದ್ದರೆ ಕೊಬ್ಬಿರುವ ಉಂಗುರದ ದ್ರಾವಣವನ್ನು ಬರಿಯ ಉಂಗುರಕ್ಕೆ ವರ್ಗಾಯಿಸಿ ನೋಡಿ. 60 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಿಂದ ಬಿಗಿಸಿದ್ದರೆ ಮಾತ್ರ ಆ ಅಂಶದ ಪರಿಣಾಮ ಕಾಣದು: ಹೊರಗೇ ಪೊಟ್ಯಾಸಿಯಂ ತುಂಬಿರುವಾಗ ಕಾಲುವೆ ತೆರೆದೂ ಪ್ರಯೋಜನವಿಲ್ಲ.

ಪ್ರಶ್ನೆ: ತಂದೆಯವರ ಬೈಪಾಸ್‌ಗೆ ಕಾಲಿನ ರಕ್ತನಾಳವನ್ನು ಕೊಬ್ಬಿನ ಸಮೇತ ತೆಗೆಯುತ್ತಾರಂತೆ. ಏಕೆ?

ಉತ್ತರ: ಇದು ಸ್ವೀಡನ್ನಿನ ಎರೆಬ್ರೂದಲ್ಲಿ ಸೌಜಾ ಎಂಬ ಶಸ್ತ್ರವೈದ್ಯರು 1990ರ ದಶಕದಲ್ಲಿ ಬೆಳೆಸಿದ ‘ನೋ ಟಚ್’ ವಿಧಾನ. ಹೊರಮೈ ಸುಲಿದರೆ ಅಭಿಧಮನಿ ಸೆಟೆದುಕೊಳ್ಳುತ್ತದೆ. ಅದನ್ನು ಬಿಡಿಸಲು ಒತ್ತಡದಲ್ಲಿ ದ್ರಾವಣ ತುಂಬಿಸಿದರೆ ಒಳಪದರವೂ ಹಾಳಾಗುತ್ತದೆ. ಕೊಬ್ಬು ಉಳಿದರೆ ಈ ಎರಡೂ ತಪ್ಪಿ, ನಾಳದ ಗೋಡೆಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಉಳಿಯುತ್ತವೆ. ಕಾಲಿನ ಗಾಯ ಮಾಯಲು ಮಾತ್ರ ಹೆಚ್ಚು ದಿನ ಹಿಡಿಯಬಹುದು. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ವೈದ್ಯರೊಡನೆ ಮಾತಾಡಿ.