ಕಿತ್ತಳೆಗೆ ಯುರೋಪಿನಲ್ಲಿ ಯಾಕಿಷ್ಟು ಹೆಸರು?

ಪ್ರಶ್ನೆ: ಕೆಲಸದ ಮೇಲೆ ಯುರೋಪಿನಲ್ಲಿ ಓಡಾಡುತ್ತಿರುತ್ತೇನೆ. ಸ್ಪೇನಿನಲ್ಲಿ ಕಿತ್ತಳೆಗೆ ‘ನರಾಂಹಾ’ ಅಂದಾಗ ನಮ್ಮ ನಾರಂಗಿ ನೆನಪಾಯಿತು. ಆದರೆ ಗ್ರೀಸಿನಲ್ಲಿ ‘ಪೋರ್ತೊಕಾಲಿ’ ಅಂದರು, ಉತ್ತರ ಜರ್ಮನಿಯಲ್ಲಿ ‘ಆಪ್ಫೆಲ್‌ಸೀನೆ’. ಒಂದೇ ಹಣ್ಣಿಗೆ ಇಷ್ಟೊಂದು ಹೆಸರು ಯಾಕೆ? ನಾರಂಗಿ ನಮ್ಮಿಂದ ಹೋದ ಪದವೇ?

ಉತ್ತರ: ಹೌದು, ನಿಮ್ಮ ಊಹೆ ಸರಿ. ಆ ಪದ ನಮ್ಮ ಕಡೆಯಿಂದಲೇ ಹೋದದ್ದು. ಆದರೆ ಯುರೋಪಿಗೆ ಹೋದ ಕಿತ್ತಳೆ ಒಂದಲ್ಲ, ಎರಡು. ಹೆಸರುಗಳ ಗೊಂದಲವೆಲ್ಲ ಶುರುವಾಗುವುದು ಇಲ್ಲಿಂದ. ಮೊದಲು ಹೋದದ್ದು ಕಹಿ ಕಿತ್ತಳೆ. 10–11ನೇ ಶತಮಾನದ ಹೊತ್ತಿಗೆ ಅರಬರು ಅದನ್ನು ಸಿಸಿಲಿಗೆ, ಸ್ಪೇನಿಗೆ ಮುಟ್ಟಿಸಿದ್ದರು. ಸೆವಿಲ್ಲಾ ನಗರದ ಬೀದಿಗಳಲ್ಲಿ ಇಂದಿಗೂ ಸಾಲಾಗಿ ನಿಂತಿರುವುದು ಅದೇ ಜಾತಿಯ ಮರಗಳು. ನಾವು ಸುಲಿದು ತಿನ್ನುವ ಸಿಹಿ ಕಿತ್ತಳೆ ಅಲ್ಲಿ ಹರಡಿದ್ದು 15–16ನೇ ಶತಮಾನದಲ್ಲಿ.

ಕಹಿ ಹಣ್ಣಿನ ಜೊತೆ ಹೋದ ಹೆಸರು ಸಂಸ್ಕೃತದ ‘ನಾರಂಗ’. ಅದು ಸಂಸ್ಕೃತಕ್ಕೆ ದ್ರಾವಿಡ ಭಾಷೆಗಳಿಂದ ಬಂದಿರಬೇಕು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ತಮಿಳಿನಲ್ಲಿ ‘ನಾರತ್ತೈ’ ಇದೆ. ಮಲಯಾಳಿಗಳು ನಿಂಬೆಹಣ್ಣಿಗೂ ‘ಚೆರುನಾರಂಗ’ ಅನ್ನುತ್ತಾರೆ. ಕೇರಳದ ಅಂಗಡಿಯಲ್ಲಿ ‘ನಾರಂಗಾವೆಳ್ಳಂ’ ಕೇಳಿದರೆ ನಿಂಬೆ ಪಾನಕ ಕೊಡುತ್ತಾರೆ, ಕಿತ್ತಳೆ ರಸ ಅಲ್ಲ. ಇಲ್ಲಿಂದ ಪದ ಪರ್ಷಿಯಾಕ್ಕೆ ಹೋಗಿ ‘ನಾರಂಗ್’ ಆಯಿತು. ಅರಬ್ಬೀಯಲ್ಲಿ ‘ಗ’ ಇರಲಿಲ್ಲ, ಹಾಗಾಗಿ ಅಲ್ಲಿ ‘ನಾರಂಜ್’. ಅರಬರಿಂದ ಸ್ಪೇನಿಗೆ ‘ನರಾಂಹಾ’. ಪಕ್ಕದ ಪೋರ್ಚುಗಲ್ಲಿನಲ್ಲಿ ಮೊದಲಕ್ಷರ ಬದಲಾಗಿ ‘ಲರಾಂಜಾ’. ಹಂಗೇರಿಯವರ ‘ನರಂಚ್’ ಕೂಡ ಇದೇ ಬಳ್ಳಿಯದು.

ಹಾಗಾದರೆ ಆರೆಂಜ್‌ನಲ್ಲಿ ‘ನ’ ಎಲ್ಲಿ ಹೋಯಿತು? ಅದನ್ನು ಕಳೆದವರು ಇಂಗ್ಲಿಷರು ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ತಪ್ಪು. ಇಂಗ್ಲಿಷಿಗೆ ಪದ ಬರುವ ಮೊದಲೇ ‘ನ’ ಉದುರಿತ್ತು. ಇಟಲಿಯಲ್ಲಿ ‘ಉನಾ ನರಾಂಚಾ’ ಅಂದರೆ ‘ಒಂದು ಕಿತ್ತಳೆ’. ಎರಡು ‘ನ’ ಒಟ್ಟಿಗೆ ಬಂದಾಗ ಕಿವಿಗೆ ಒಂದೇ ಕೇಳಿಸಿತು, ‘ಉನ್ ಅರಾಂಚಾ’ ಆಯಿತು. ಇಂದಿನ ಇಟಾಲಿಯನ್ ಪದ ‘ಅರಾಂಚಾ’. ವೆನಿಸ್ ಕಡೆಯ ನುಡಿಯಲ್ಲಿ ‘ನ’ ಇನ್ನೂ ಹಾಗೇ ಉಳಿದಿದೆ. ಫ್ರೆಂಚಿನಲ್ಲಿ ‘ಓರ್’ ಅಂದರೆ ಚಿನ್ನ. ಚಿನ್ನದ ಬಣ್ಣದ ಹಣ್ಣು ಅಲ್ವಾ, ಆ ಪದದ ಸೆಳೆತಕ್ಕೆ ಶುರುವಿನ ‘ಅ’ ಹೋಗಿ ‘ಓ’ ಬಂತು. ಇಂಗ್ಲಿಷ್ ಎತ್ತಿಕೊಂಡದ್ದು ಆ ರೂಪವನ್ನು. ಇಂಗ್ಲಿಷಿನಲ್ಲೇ ‘ನ’ ಕಳೆದ ಪದ ಬೇಕೆಂದರೆ ‘ಏಪ್ರನ್’ ಇದೆ. ಅದು ಮೊದಲು ‘ನ್ಯಾಪ್ರನ್’ ಆಗಿತ್ತು.

ಇನ್ನು ಪೋರ್ತೊಕಾಲಿ. ಅದರಲ್ಲಿ ಪೋರ್ಚುಗಲ್ ಕೇಳಿಸುತ್ತದೆ, ಗಮನಿಸಿ. ಸಿಹಿ ಕಿತ್ತಳೆಯ ವ್ಯಾಪಾರದಲ್ಲಿ ಪೋರ್ಚುಗೀಸರ ಹೆಸರು ದೊಡ್ಡದಾಗಿತ್ತು, ಹಣ್ಣಿಗೆ ಅವರ ದೇಶದ ಹೆಸರೇ ನಿಂತಿತು. ಬಲ್ಗೇರಿಯ, ಅಲ್ಬೇನಿಯಗಳಲ್ಲಿ ‘ಪೋರ್ತೊಕಾಲ್’, ತುರ್ಕಿಯಲ್ಲಿ ‘ಪೋರ್ತಕಾಲ್’. ಅರಬ್ಬೀಯಲ್ಲಿ ‘ಪ’ ಇಲ್ಲ, ಅದಕ್ಕೇ ಅಲ್ಲಿ ‘ಬುರ್ತುಖಾಲ್’. ಗ್ರೀಕರು ಎರಡೂ ಹೆಸರು ಇಟ್ಟುಕೊಂಡಿದ್ದಾರೆ. ಸಿಹಿಯದು ಪೋರ್ತೊಕಾಲಿ, ಕಹಿಯದು ‘ನೆರಾಂಜಿ’. ಇರಾನಿನಲ್ಲೂ ‘ನಾರೆಂಜ್’ ಅಂದರೆ ಇಂದಿಗೂ ಕಹಿಯದೇ. ಹಣ್ಣು ಯಾವಾಗ, ಯಾರ ಕೈಯಿಂದ ಬಂತು ಎಂಬ ಲೆಕ್ಕವನ್ನು ಜನರ ನಾಲಿಗೆ ಇಷ್ಟು ಶತಮಾನ ಜೋಪಾನ ಮಾಡಿದೆಯಲ್ಲ, ನನಗೆ ತುಂಬ ಇಷ್ಟವಾಗುವುದು ಇದು.

ಆಪ್ಫೆಲ್‌ಸೀನೆ ಅಂದರೆ ಚೀನಾದ ಸೇಬು. ಸಿಹಿ ಕಿತ್ತಳೆಯ ತವರು ಚೀನಾದ ಕಡೆಯೇ. ಡಚ್ಚರ ‘ಸೀನಾಸ್‌ಆಪ್ಪೆಲ್’, ಸ್ವೀಡನ್ನಿನ ‘ಅಪೆಲ್ಸೀನ್’, ರಷ್ಯನ್ನರ ‘ಅಪೆಲ್ಸಿನ್’ ಎಲ್ಲ ಇದೇ. ಪೋಲೆಂಡಿನ ‘ಪೊಮರಾಂಚಾ’ದಲ್ಲಿ ಮಾತ್ರ ಸೇಬೂ ಇದೆ, ನಾರಂಗವೂ ಇದೆ. ಇಟಾಲಿಯನ್ನಿನ ‘ಪೊಮೊ’ ಅಂದರೆ ಸೇಬು, ಜೊತೆಗೆ ಅರಾಂಚಾ.

ಇನ್ನೊಬ್ಬ ಓದುಗರು ಕೇಳಿದ್ದಾರೆ: ಆರೆಂಜ್ ಅನ್ನುವುದು ಮೊದಲು ಬಣ್ಣದ ಹೆಸರಾ, ಹಣ್ಣಿನದಾ?

ಹಣ್ಣಿನದು. ಇಂಗ್ಲಿಷಿನಲ್ಲಿ ಬಣ್ಣದ ಹೆಸರಾಗಿ ಅದು ಮೊದಲು ಸಿಗುವುದು 1502ರಲ್ಲಿ, ಮಾರ್ಗರೆಟ್ ಟ್ಯೂಡರ್‌ಗೆ ಕೊಂಡ ಬಟ್ಟೆಯ ವಿವರದಲ್ಲಿ. ಅದಕ್ಕೂ ಹಿಂದೆ ಈ ಬಣ್ಣವನ್ನು ಕೆಂಪು ಅಂತಲೋ ಹಳದಿಗೆಂಪು ಅಂತಲೋ ಕರೆದು ಸುಮ್ನಾಗುತ್ತಿದ್ದರು. ರಾಬಿನ್ ಹಕ್ಕಿಯ ಎದೆ ನಿಜಕ್ಕೂ ಕಿತ್ತಳೆ ಬಣ್ಣದ್ದು, ಆದರೂ ಅದಕ್ಕೆ ‘ರೆಡ್‌ಬ್ರೆಸ್ಟ್’ ಅನ್ನುವ ಹೆಸರು ಬಂದದ್ದು ಹೀಗೆ. ನೆದರ್ಲೆಂಡ್ಸ್ ಆಟಗಾರರ ಜರ್ಸಿಯ ಬಣ್ಣದ ಹಿಂದೆ ಇರುವುದು ಹಣ್ಣಲ್ಲ, ರಾಜಮನೆತನ. ದಕ್ಷಿಣ ಫ್ರಾನ್ಸಿನಲ್ಲಿ ಆರೆಂಜ್ ಎಂಬ ಊರಿದೆ. ರೋಮನ್ನರ ಕಾಲದಲ್ಲಿ ಅದು ‘ಅರೌಸಿಯೊ’, ಹಣ್ಣಿಗೂ ಅದಕ್ಕೂ ಸಂಬಂಧವಿರಲಿಲ್ಲ. ಕಾಲ ಕಳೆದಂತೆ ಎರಡು ಪದಗಳ ಉಚ್ಚಾರ ಒಂದಾಯಿತು. 1544ರಲ್ಲಿ ಆ ಊರಿನ ಒಡೆತನ ಡಚ್ ರಾಜಮನೆತನದ ಮೂಲಪುರುಷ ವಿಲಿಯಂಗೆ ಬಂತು. ಮುಂದೆ ಸ್ಪೇನಿನ ದೊರೆಯ ವಿರುದ್ಧ ಡಚ್ಚರ ಬಂಡಾಯ ನಡೆಸಿದವನು ಅವನೇ. ಹೀಗಾಗಿ ಡಚ್ಚರಿಗೆ ಬಣ್ಣ ‘ಒರಾನ್ಯೆ’, ಹಣ್ಣು ಮಾತ್ರ ಚೀನಾದ ಸೇಬು.

ಮತ್ತೆ, ನಮ್ಮ ‘ಕಿತ್ತಳೆ’?

ಹಲವರು ಒಟ್ಟಿಗೇ ಕೇಳಿರುವ ಪ್ರಶ್ನೆ ಇದು. ನಾರಂಗಿಗೂ ಇದಕ್ಕೂ ನಂಟಿಲ್ಲ. ನಿಂಬೆ ಜಾತಿಯ ಹಣ್ಣಿಗೆ ಕನ್ನಡದಲ್ಲಿ ‘ಈಳೆ’ ಎಂಬ ಹಳೆಯ ಪದವಿದೆ. ಕಿರಿದಾದ ಈಳೆ ‘ಕಿತ್ತೀಳೆ’, ಅದು ಸವೆದು ಕಿತ್ತಿಳೆ, ಕಿತ್ತಳೆ. ಹಿರಿದಾದ ಈಳೆ ‘ಹೇರೀಳೆ’. ಹಳೇ ಮೈಸೂರು ಕಡೆ ಚಿತ್ರಾನ್ನಕ್ಕೆ ಹಿಂಡುವ, ಉಪ್ಪಿನಕಾಯಿ ಹಾಕುವ ಹೇರಳೆಕಾಯಿ ಇದೇ. ತಮಿಳರು ಅದನ್ನು ‘ನಾರ್ತಂಗಾಯ್’ ಅನ್ನುತ್ತಾರೆ.